ಪಂಡಿತಾ ರಮಾಬಾಯಿಯವರ ಆತ್ಮಸಾಕ್ಷ್ಯ: ಒಂದು ಸಮೀಕ್ಷೆ

ಹುಟ್ಟಿದ ಮತವನ್ನು ಬಿಟ್ಟು ಬೇರೊಂದನ್ನು ಅಪ್ಪಿದವರ ಜೀವನಚರಿತ್ರೆಯನ್ನು ಕೈಗೆತ್ತಿಕೊಂಡಾಗ ವಾಚಕನ ಮನಸ್ಸು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿದುಬಿಡುತ್ತದೆ. ಹೊಸ ಮತದವರಿಗೆ ಅದು ಪುಣ್ಯಕಥೆ, ಹಳೆಯ ಮತದವರಿಗೆ ಅದು ದ್ರೋಹದ ಕಥೆ. ಇಬ್ಬರೂ ಗ್ರಂಥವನ್ನು ತೆರೆಯುವ ಮೊದಲೇ ತೀರ್ಪನ್ನು ಬರೆದಿಟ್ಟುಕೊಂಡಿರುತ್ತಾರೆ. ಪಂಡಿತಾ ರಮಾಬಾಯಿಯವರಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಒದಗಿದ ಗತಿ ಇದೇ. ಮಿಶನರಿಗಳು ಅವರನ್ನು ಸಂತಳೆಂದು ಚಿತ್ರಿಸಿದರು. ನಮ್ಮ ಸುಧಾರಕರ ಚರಿತ್ರೆಗಳು ಅವರ ಹೆಸರನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿ ಮುಂದೆ ಸಾಗಿದವು. ಅವರು ಬರೆದುದನ್ನು ಬರಹವೆಂದು ಓದಿದವರು ಬಹಳ ಕಡಮೆ. 1998ರಲ್ಲಿ ಉಮಾ ಚಕ್ರವರ್ತಿಯವರ ಅಧ್ಯಯನಗ್ರಂಥವೂ, ಮೀರಾ ಕೋಸಾಂಬಿಯವರ ಅನುವಾದಗಳೂ ಬಂದ ಮೇಲೆ ವಿದ್ವಾಂಸರ ವಲಯದಲ್ಲಿ ಈ ಕೊರತೆ ತಕ್ಕಮಟ್ಟಿಗೆ ನೀಗಿದೆಯಾದರೂ, ಧರ್ಮಜಿಜ್ಞಾಸೆಯುಳ್ಳ ಸಾಮಾನ್ಯ ವಾಚಕರವರೆಗೆ ಆ ಬೆಳಕು ಇನ್ನೂ ಇಳಿದುಬಂದಿಲ್ಲ. ಮಠದ ಪತ್ರಿಕೆಯೊಂದು ಇಂಥ ವಿಷಯವನ್ನು ಎತ್ತಿಕೊಳ್ಳಬೇಕೇ ಎಂದು ಕೆಲವು ಸದ್ಭಕ್ತರಿಗೆ ಅನಿಸಬಹುದು. ಎತ್ತಿಕೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ. ಕಾರಣಗಳು ಮುಂದೆ ತಾವಾಗಿಯೇ ಗೋಚರವಾಗುತ್ತವೆ.

ರಮಾಬಾಯಿಯವರು ನಮ್ಮ ನಾಡಿನ ಮಣ್ಣಿನಲ್ಲಿ ಹುಟ್ಟಿದವರು. ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಘನವಿದ್ವಾಂಸರು. ಪುಣೆಯ ಪೇಶ್ವೆಯ ಅರಮನೆಯಲ್ಲಿ ತಮ್ಮ ಗುರುಗಳು ರಾಣಿವಾಸಕ್ಕೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂಬ ಹಂಬಲವನ್ನು ಬೆಳೆಸಿಕೊಂಡವರು. ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಅವರು ಕಾವ್ಯಪುರಾಣಗಳನ್ನು ಕಲಿಸತೊಡಗಿದಾಗ ಊರವರು ಕೆರಳಿದರು. ಶಾಸ್ತ್ರಿಗಳನ್ನು ಉಡುಪಿಗೆ ಕರೆಸಿ ಪಂಡಿತರ ಸಭೆಯ ಮುಂದೆ ನಿಲ್ಲಿಸಲಾಯಿತು. ಹೆಣ್ಣಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಅವರು ಶಾಸ್ತ್ರದಿಂದಲೇ ಆಧಾರಗಳನ್ನು ಎತ್ತಿ ತೋರಿಸಿದರು. ಅವರ ಮಾತನ್ನು ತಪ್ಪೆಂದು ಸಾಧಿಸಲು ಸಭೆಗೆ ಆಗಲಿಲ್ಲ. ಒಪ್ಪಿ ಬೆನ್ನು ತಟ್ಟಲು ಮನಸ್ಸೂ ಬರಲಿಲ್ಲ. ಶಾಸ್ತ್ರಿಗಳು ಸಂಸಾರದೊಡನೆ ಗಂಗಾಮೂಲದ ಅರಣ್ಯವನ್ನು ಸೇರಿ ಅಲ್ಲಿ ಪಾಠಶಾಲೆಯನ್ನು ಕಟ್ಟಿದರು. ಮುಂದೆ ಆರು ತಿಂಗಳ ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತು, ತೀರ್ಥಯಾತ್ರೆಗೆಂದು ಹೊರಟ ಕುಟುಂಬ ಮತ್ತೆ ನೆಲೆನಿಲ್ಲಲಿಲ್ಲ. ಮಗಳಿಗೆ ಪಾಠ ಹೇಳಿದವಳು ತಾಯಿ. ಭಾಗವತದ ಸಾವಿರಾರು ಶ್ಲೋಕಗಳು ಆ ಬಾಲಕಿಯ ನಾಲಗೆಯ ಮೇಲೆ ನಿಂತದ್ದು ದಾರಿ ನಡೆಯುತ್ತಲೇ.

ಈ ಕಥೆಯನ್ನು ರಮಾಬಾಯಿಯವರು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. ಹೇಳಿದ ಪ್ರತಿಯೊಂದು ಸಲವೂ ಅದರ ಧ್ವನಿ ಬೇರೆಯಾಗಿದೆ. ವಿಮರ್ಶಕನು ಕುಳಿತು ನೋಡಬೇಕಾದುದು ಇದನ್ನೇ.

1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಅವರ ಸುಪ್ರಸಿದ್ಧ ಇಂಗ್ಲಿಷ್ ಗ್ರಂಥದಲ್ಲಿ ವಿವಾಹಪ್ರಕರಣವೊಂದಿದೆ. ಅಲ್ಲಿ ಗೋದಾವರಿಯಲ್ಲಿ ಸ್ನಾನ ಮಾಡುತ್ತಿದ್ದ ಯಾತ್ರಿಕನೊಬ್ಬನನ್ನು ಕಂಡ ತಂದೆ, ಆತನ ಕುಲಗೋತ್ರಗಳನ್ನು ವಿಚಾರಿಸಿ, ಮಾರನೆಯ ದಿನವೇ ತನ್ನ ಒಂಬತ್ತು ವರ್ಷದ ಮಗಳನ್ನು ಆತನಿಗೆ ಧಾರೆಯೆರೆದು ಕಳುಹಿಸಿದ ಪ್ರಸಂಗ ಬರುತ್ತದೆ. ಲೇಖಕಿ ಅದನ್ನು ಯಾರದೋ ಕಥೆಯೆಂಬಂತೆ, ನ್ಯಾಯಾಲಯದಲ್ಲಿ ದಾಖಲೆ ಒಪ್ಪಿಸುವ ವಕೀಲರ ಧಾಟಿಯಲ್ಲಿ ಹೇಳಿ ಮುಗಿಸುತ್ತಾರೆ. ಆ ಹುಡುಗಿ ಒಳ್ಳೆಯವರ ಕೈಗೆ ಬಿದ್ದಳೆಂಬ ಒಂದು ಮಾತನ್ನು ಮಾತ್ರ ಸೇರಿಸುತ್ತಾರೆ. ಆ ಹುಡುಗಿಯೇ ಲೇಖಕಿಯ ತಾಯಿ, ಆ ಯಾತ್ರಿಕನೇ ತಂದೆ ಎಂಬುದನ್ನು ತಿಳಿಯಬೇಕಾದರೆ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿಯವರು ಬರೆದ ಪೀಠಿಕೆಯನ್ನು ನೋಡಬೇಕು. ಹೀಗೆ ತಾಯಿಯನ್ನು ಮರೆಮಾಡಿದ್ದು ಏಕೆ? ಪರದೇಶದ ಓದುಗರ ಮುಂದೆ ಹೆತ್ತವಳನ್ನು ಕರುಣೆಯ ವಸ್ತುವನ್ನಾಗಿ ನಿಲ್ಲಿಸಲು ಆ ಮಗಳ ಸ್ವಾಭಿಮಾನ ಒಪ್ಪಲಿಲ್ಲವೆಂದು ನಮಗೆ ತೋರುತ್ತದೆ. ಗ್ರಂಥದಲ್ಲಿ ಬೇರೆ ಕಡೆ ಇಲ್ಲದ ಒಂದು ಮೌನ ಇಲ್ಲಿದೆ. ಇಡೀ ಪುಸ್ತಕದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಸ್ಥಳವೂ ಇದೇ.

ಉಳಿದಂತೆ ಅದು ವಾದಗ್ರಂಥ. ಮನುಸ್ಮೃತಿಯ ವಚನಗಳನ್ನು ಸಾಲಾಗಿ ನಿಲ್ಲಿಸಿ, ಬಾಲ್ಯ, ವಿವಾಹ, ವೈಧವ್ಯ ಎಂಬ ಕ್ರಮದಲ್ಲಿ ಮೇಲ್ಜಾತಿಯ ಹೆಣ್ಣಿನ ಆಯುಷ್ಯವನ್ನು ನಿರೂಪಿಸಿ, ಕೊನೆಗೆ ವಿಧವೆಯರಿಗಾಗಿ ವಿದ್ಯಾಗೃಹ ಬೇಕು, ಅದಕ್ಕೆ ನೆರವು ನೀಡಿರಿ ಎಂದು ಕೇಳುತ್ತದೆ. ವಾದದ ಕಟ್ಟು ಗಟ್ಟಿಯಾಗಿದೆ, ಕಣ್ಣೀರಿನ ಪ್ರದರ್ಶನವಿಲ್ಲ. ಆದರೆ ಎರಡು ಆಕ್ಷೇಪಣೆಗಳನ್ನು ಹೇಳಲೇಬೇಕು. ಸ್ಮೃತಿಯಲ್ಲಿ ಬರೆದಿರುವುದೇ ಮನೆಮನೆಯ ನಡೆ ಎಂಬ ಭಾವನೆಯನ್ನು ಗ್ರಂಥ ಹುಟ್ಟಿಸುತ್ತದೆ. ಲೇಖಕಿಯ ತಂದೆತಾಯಿಗಳ ದಾಂಪತ್ಯವೇ ಅದಕ್ಕೆ ವಿರುದ್ಧ ಸಾಕ್ಷಿಯಾಗಿತ್ತಲ್ಲವೇ! ಎರಡನೆಯದಾಗಿ, ಶೀರ್ಷಿಕೆಯಲ್ಲಿ 'ಮೇಲ್ಜಾತಿಯ' ಎಂಬ ವಿಶೇಷಣವಿದ್ದರೂ ಅಮೆರಿಕದ ಮಹಿಳಾ ಮಂಡಲಿಗಳು ಅದನ್ನು ಬಿಟ್ಟು ಓದಿದವು. ಭಾರತದ ಎಲ್ಲ ಹೆಂಗಸರ ಕಥೆಯೂ ಇದೇ ಎಂದು ನಂಬಿದವು. 1894-95ರಲ್ಲಿ ಸ್ವಾಮಿ ವಿವೇಕಾನಂದರಿಗೂ ಬ್ರೂಕ್ಲಿನ್ನಿನ ರಮಾಬಾಯಿ ಮಂಡಲಿಯವರಿಗೂ ನಡೆದ ವಾಗ್ವಾದದ ಬೇರು ಇಲ್ಲಿದೆ. ಸ್ವಾಮಿಗಳು ಕೆರಳಿದ್ದು ಸಹಜವೇ. ಆದರೆ ಅವರ ಕೋಪದಿಂದ ಬಾಲವಿಧವೆಯ ತಲೆಯ ಮೇಲೆ ಕೂದಲು ಬೆಳೆಯುವಂತಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಇದಕ್ಕಿಂತ ಐದು ವರ್ಷ ಮೊದಲು, 1882ರಲ್ಲಿ, ಪುಣೆಯಲ್ಲಿ ಅವರು ಮರಾಠಿಯಲ್ಲಿ ಬರೆದ 'ಸ್ತ್ರೀಧರ್ಮನೀತಿ'ಯನ್ನು ಓದಿದವರಿಗೆ ಎರಡರ ಕರ್ತೃವೂ ಒಬ್ಬರೇ ಎಂದು ನಂಬುವುದೇ ಕಷ್ಟ. ಸಂಸ್ಕೃತಭೂಯಿಷ್ಠವಾದ ಭಾಷೆ, ಉಪದೇಶದ ಧಾಟಿ, ಹೆಂಗಸರ ಅಜ್ಞಾನಕ್ಕೆ ಹೆಂಗಸರನ್ನೇ ಗದರಿಸುವ ಹಿರಿತನ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅದೇ ವರ್ಷ ತಾರಾಬಾಯಿ ಶಿಂದೆಯವರು ಪ್ರಕಟಿಸಿದ 'ಸ್ತ್ರೀಪುರುಷ ತುಲನಾ' ಎಂಬ ಕಿಡಿಕಾರುವ ಕಿರುಹೊತ್ತಗೆಯ ಪಕ್ಕದಲ್ಲಿಟ್ಟರೆ ರಮಾಬಾಯಿಯವರ ಪುಸ್ತಕ ಸಾಧುವಾಗಿಯೇ ಕಾಣುತ್ತದೆ. ಆದರೆ ಸ್ವಾವಲಂಬನೆಯ ಮಾತನ್ನು ಅದು ಎತ್ತುತ್ತದೆ. ಅದರ ಮಾರಾಟದಿಂದ ಬಂದ ಹಣವೇ ಇಂಗ್ಲೆಂಡಿನ ಪ್ರಯಾಣಕ್ಕೆ ಒದಗಿತು. ಅಷ್ಟು ಸಾಕು, ಆ ಗ್ರಂಥದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದದ್ದು ಕ್ಷಾಮದ ವೃತ್ತಾಂತದಲ್ಲಿ. 1897ರ ಬರಗಾಲದ ಸಂದರ್ಭದಲ್ಲಿ ರಮಾಬಾಯಿಯವರು ತಮ್ಮ ಬಾಲ್ಯದ ಕ್ಷಾಮಾನುಭವಗಳನ್ನು ಬರೆದರು. 1907ರ 'ಟೆಸ್ಟಿಮನಿ' ಅಂದರೆ ಆತ್ಮಸಾಕ್ಷ್ಯದಲ್ಲಿಯೂ ಆ ಕಾಲದ ಚಿತ್ರ ಬರುತ್ತದೆ. 1874ರಿಂದ ಮೂರು ನಾಲ್ಕು ವರ್ಷ ಮದ್ರಾಸ್ ಪ್ರಾಂತದಲ್ಲಿ ಅಲೆದ ಆ ಕುಟುಂಬ ಪುರಾಣಶ್ರವಣದ ವೃತ್ತಿಯಿಂದ ಬದುಕುತ್ತಿತ್ತು. ಇದ್ದ ಹಣವೆಲ್ಲ ದಾನಕ್ಕೂ ವ್ರತಕ್ಕೂ ಹೋಯಿತು. ಪಾತ್ರೆಪರಟಿಗಳನ್ನು ಮಾರಿದರು. ಅನ್ನ ಸಿಗದೆ ತಿರುಪತಿಯ ಕಡೆಯ ಕಾಡಿನಲ್ಲಿ ಎಲೆಗಳನ್ನು ತಿಂದರು. ಪವಿತ್ರ ತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ನಿಶ್ಚಯಿಸಿ ಪರಸ್ಪರ ಬೀಳ್ಕೊಡುವ ಸಮಯದಲ್ಲಿ ಕುರುಡನಾಗಿದ್ದ ವೃದ್ಧ ತಂದೆ ಕಿರಿಮಗಳನ್ನು ಅಪ್ಪಿ ಹಿಡಿದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿರುವವರೆಗೆ ಆತನ ಸೇವೆಯನ್ನೇ ಮಾಡು ಎಂದರು. ಅನಂತರ ಕೆಲವು ತಿಂಗಳುಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಅಳಿದರು. ಅಣ್ಣ ಶ್ರೀನಿವಾಸನೊಡನೆ ಉಳಿದ ಹುಡುಗಿ ಉತ್ತರದಿಕ್ಕಿಗೆ ಸಾವಿರಾರು ಮೈಲಿ ನಡೆದಳು. ಝೇಲಮ್ ನದಿಯ ದಂಡೆಯಲ್ಲಿ ಚಳಿಯನ್ನು ತಡೆಯಲಾರದೆ ಇಬ್ಬರೂ ಮರಳಿನಲ್ಲಿ ಗುಣಿ ತೋಡಿಕೊಂಡು, ಕುತ್ತಿಗೆಯವರೆಗೆ ಮರಳನ್ನೇ ಹೊದ್ದು ಮಲಗಿದರು.

ಈ ಭಾಗದ ಗದ್ಯದಲ್ಲಿ ಅಲಂಕಾರವಿಲ್ಲ, ಆಕ್ರಂದನವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಒಂದು ನಿಷ್ಠುರವಾದ ಆತ್ಮವಿಮರ್ಶೆಯಿದೆ. ತಮ್ಮ ಮನೆಯವರು ಹಸಿವಿನಿಂದ ಸತ್ತದ್ದು ಮಳೆ ಬಾರದ್ದರಿಂದ ಮಾತ್ರವಲ್ಲ, ಜಾತಿಯ ಹೆಮ್ಮೆಯೂ ವಿದ್ಯೆಯ ಹೆಮ್ಮೆಯೂ ಕೈಕೆಲಸಕ್ಕೆ ಬಾಗಲು ಬಿಡಲಿಲ್ಲ, ಯಾವ ಕಸುಬನ್ನೂ ಕಲಿಯಗೊಡಲಿಲ್ಲ ಎಂದು ಅವರು ಬಿಚ್ಚಿ ಹೇಳುತ್ತಾರೆ. ಕಾಯಕದ ಹೆಸರನ್ನು ಹೊತ್ತ ಪರಂಪರೆಯಲ್ಲಿ ಬೆಳೆದ ನಮ್ಮ ವಾಚಕರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕಾಯಕತತ್ತ್ವವನ್ನು ಹೊಗಳಿ ಭಾಷಣ ಮಾಡಿದವರು ನಮ್ಮಲ್ಲಿ ಹಲವರು. ಅದು ಇಲ್ಲದ್ದರಿಂದ ಮನೆಯ ಮೂವರು ಸತ್ತುದನ್ನು ಕಂಡು ಅದನ್ನು ಕಂಡುಕೊಂಡವಳು ಈ ಹೆಣ್ಣುಮಗಳು. ಮುಂದೆ ಪುಣೆಯ ಹತ್ತಿರದ ಕೇಡಗಾಂವಿಯಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ನೇಯ್ಗೆ, ಗಾಣ, ಹೈನು, ಬೇಸಾಯ, ಅಚ್ಚಿನ ಕೆಲಸ ಎಲ್ಲವೂ ನಡೆದವು, ಎಲ್ಲವನ್ನೂ ಹೆಂಗಸರೇ ನಡೆಸಿದರು. ಇದನ್ನು ಮಿಶನರಿ ಸಂಸ್ಥೆಗಳ ಅನುಕರಣೆಯೆಂದು ತಳ್ಳಿಹಾಕುವವರು ತಿರುಪತಿಯ ಕಾಡಿನ ಪುಟಗಳನ್ನು ಓದಿಲ್ಲ.

ಕಲಕತ್ತೆಯ ಪ್ರಕರಣ ಇನ್ನೊಂದು ತಿರುವು. 1878ರಲ್ಲಿ ಅಲ್ಲಿಗೆ ಬಂದ ಈ ತರುಣಿಯ ವಿದ್ವತ್ತನ್ನು ಪರೀಕ್ಷಿಸಿದ ಪಂಡಿತರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿಟ್ಟು ಓದೆಂದರು. ಹೆಣ್ಣಿಗೆ ವೇದವೇ ಎಂದು ಆಕೆ ಬೆಚ್ಚಿದರಂತೆ! ಧರ್ಮಶಾಸ್ತ್ರಗಳನ್ನು ಮೊದಲ ಸಲ ತಾವೇ ಓದಿದಾಗ ಕಂಡದ್ದೇನೆಂಬುದನ್ನು ಆತ್ಮಸಾಕ್ಷ್ಯದಲ್ಲಿ ಹೇಳಿದ್ದಾರೆ: ಮಿಕ್ಕ ವಿಷಯಗಳಲ್ಲಿ ಒಂದು ಗ್ರಂಥ ಇನ್ನೊಂದನ್ನು ಅಲ್ಲಗಳೆಯುತ್ತದೆ, ಹೆಣ್ಣಿನ ಕೀಳ್ಮೆಯ ವಿಷಯದಲ್ಲಿ, ಪತಿಸೇವೆಯಲ್ಲದೆ ಆಕೆಗೆ ಬೇರೆ ಗತಿಯಿಲ್ಲ ಎಂಬ ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಮ್ಮತ. ಇದು ತರ್ಕಶುದ್ಧವಾದ ಮಾತು. ಸ್ಮೃತಿ ಪುರಾಣಗಳ ಪರಿಧಿಯೊಳಗೆ ಇದನ್ನು ಅಲ್ಲವೆನ್ನುವುದು ಸುಲಭವಲ್ಲ. ಕಾಶಿಯಲ್ಲಿ ಶಾಸ್ತ್ರಾಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ನಮಗೂ ಇದಕ್ಕೆ ತೃಪ್ತಿಕರವಾದ ಉತ್ತರ ದೊರೆತಿರಲಿಲ್ಲ.

ಉತ್ತರ ಆ ಪರಿಧಿಯ ಹೊರಗೆ, ದೇಶಭಾಷೆಗಳಲ್ಲಿತ್ತು. ರಮಾಬಾಯಿಯವರು ಹುಟ್ಟಿದ ನಾಡಿನ ಭಾಷೆಯಲ್ಲಿಯೇ, ಅವರಿಗಿಂತ ಏಳು ನೂರು ವರ್ಷಗಳ ಹಿಂದೆ, ಹೆಣ್ಣಿಗೂ ಇಷ್ಟಲಿಂಗವನ್ನಿತ್ತ ಶರಣರು ಸೂತಕಗಳನ್ನು ಅಲ್ಲಗಳೆದಿದ್ದರು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದವರು ಗುರುವಿನ ಮುಂದೆ, ಗಂಡನ ಮುಂದೆ, ಲೋಕದ ಮುಂದೆ ನಿರ್ಭಯವಾಗಿ ಮಾತನಾಡಿದ್ದರು. ಆದರೆ ಈ ಮಾತನ್ನು ಹೇಳಿ ಎದೆ ತಟ್ಟಿಕೊಳ್ಳುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ರಮಾಬಾಯಿಯವರು ದೇಹವಿಟ್ಟದ್ದು 1922ರ ಏಪ್ರಿಲ್ 5ರಂದು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬೆಳಕು ಕಂಡದ್ದು 1923ರಲ್ಲಿ. ಆಕೆಯ ಆಯುಷ್ಯದುದ್ದಕ್ಕೂ ವಚನಗಳ ಬಹುಭಾಗ ಮಠಗಳ ಗೂಡುಗಳಲ್ಲಿ, ಮನೆಗಳ ಜಗಲಿಯ ಮೇಲೆ ತಾಡವೋಲೆಯ ಕಟ್ಟುಗಳಾಗಿ ವಿಭೂತಿ ಧರಿಸಿ ಪೂಜೆಗೊಳ್ಳುತ್ತಿದ್ದವು. ಓದಬೇಕಾದವರ ಕೈಗೆ ಅವನ್ನು ಕೊಡದಿದ್ದವರು ನಾವೇ. ಆಕೆಗೆ ಶರಣಧರ್ಮ ತಿಳಿದಿರಲಿಲ್ಲವೆಂದು ದೂರುವವರು ಈ ದೂರು ಯಾರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಯೋಚಿಸಲಿ.

ಮುಂದಿನ ಘಟನೆಗಳು ಬೇಗಬೇಗನೆ ನಡೆದವು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಲದ ಶೂದ್ರಜಾತಿಯ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿ. ಕೈಗೂಸಿನೊಡನೆ ಪುಣೆಗೆ ಬಂದ ವಿಧವೆ ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಆಂಗ್ಲಿಕನ್ ಸಂನ್ಯಾಸಿನಿಯರ ಆಶ್ರಮದಲ್ಲಿ ಉಳಿದು, ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಕಿವಿ ಮಂದವಾಗಿದ್ದುದರಿಂದ ವೈದ್ಯವಿದ್ಯೆ ಕೈಗೂಡಲಿಲ್ಲ.

ಏಕೆ ಮತಾಂತರಗೊಂಡರು? ಆತ್ಮಸಾಕ್ಷ್ಯ ಕೊಡುವ ಕಾರಣ ಇದು. ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿ ಆ ಸಂನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮದಲ್ಲಿ, ಜಾರಿ ಬಿದ್ದವರೆಂದು ಲೋಕ ದೂರತಳ್ಳಿದ ಹೆಂಗಸರನ್ನು ಅವರು ಅಕ್ಕತಂಗಿಯರಂತೆ ಆದರಿಸುತ್ತಿದ್ದುದನ್ನು ರಮಾಬಾಯಿಯವರು ಕಂಡರು. ಇಂಥವರ ಮೇಲೆ ಕರುಣೆ ತೋರಬೇಕೆಂದು ತಮ್ಮ ದೇಶದಲ್ಲಿ ಯಾರೂ ಹೇಳಿದ್ದನ್ನು ತಾವು ಕೇಳಿರಲಿಲ್ಲ ಎನ್ನುತ್ತಾರೆ. ಆಶ್ರಮವಾಸಿನಿಯೊಬ್ಬರು ಸಮಾರ್ಯದ ಹೆಂಗಸೊಬ್ಬಳೊಡನೆ ಏಸು ನಡೆಸಿದ ಸಂವಾದವನ್ನು ಓದಿ ಹೇಳಿದರು. ಹೆಂಗಸನ್ನು ಕಂಡು ದೂರ ಸರಿಯದ ಗುರುವನ್ನು ಆ ಕಥೆಯಲ್ಲಿ ಆಕೆ ಕಂಡರು. ಈ ಪುಟವನ್ನು ಓದುವಾಗ ನಮಗೆ ನೆನಪಾದುದು ಸೂಳೆ ಸಂಕವ್ವೆ. ಆಕೆಯ ಒಂದೇ ಒಂದು ವಚನ ಉಳಿದುಬಂದಿದೆ. ಆಕೆಯನ್ನು ಶರಣರ ಸಾಲಿನಲ್ಲಿ ಕೂರಿಸಿದ ಧರ್ಮದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಂಥ ಹೆಂಗಸರಿಗಾಗಿ ಒಂದಾದರೂ ಮಠ ಬಾಗಿಲು ತೆರೆದಿದ್ದುಂಟೇ? ನಮ್ಮಲ್ಲಿ ವಿಧವೆಯರಿಗೆ ಸೀರುಡಿಕೆಯ ಪದ್ಧತಿ ಇತ್ತು, ಕೇಶಮುಂಡನವಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ನಿಜ. ಆದರೆ ಸೀರುಡಿಕೆಯಾದವಳನ್ನು ಆರತಿ ಹಿಡಿಯಲು ಕರೆಯುತ್ತಿರಲಿಲ್ಲ ಎಂಬುದೂ ನಿಜ. ಕೆಲವು ಮನೆತನಗಳಲ್ಲಿ ಅದಕ್ಕೂ ಅವಕಾಶವಿರಲಿಲ್ಲ.

ಆತ್ಮಸಾಕ್ಷ್ಯವೆಂಬ ಗ್ರಂಥದ ದೌರ್ಬಲ್ಯ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಮೊದಲರ್ಧದಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತಿದ್ದ ಲೋಕ ದ್ವಿತೀಯಾರ್ಧದಲ್ಲಿ ಮಸುಕಾಗುತ್ತದೆ. ಪಾಪ, ಕ್ಷಮೆ, ರಕ್ಷಣೆ ಎಂಬ ಪದಗಳು ಆ ಕಾಲದ ಸುವಾರ್ತಾ ಸಾಹಿತ್ಯದಿಂದ ಸಿದ್ಧರೂಪದಲ್ಲಿ ಬಂದು ಕುಳಿತುಕೊಳ್ಳುತ್ತವೆ. ಪುಟಪುಟಕ್ಕೆ ಬೈಬಲಿನ ಉದ್ಧರಣೆಗಳು ತುಂಬುತ್ತವೆ. ತಂದೆಯ ಸಾವಿನಂಥ ಪ್ರಸಂಗದ ಮೇಲೂ ಹಿಂದುಗಡೆಯಿಂದ ಹೊಸ ಅರ್ಥವನ್ನು ಹೊದಿಸುವ ಪ್ರಯತ್ನ ಕಾಣುತ್ತದೆ. ಇದು ಅಪ್ರಾಮಾಣಿಕತೆಯಲ್ಲ. ಅನುಭವ ಸ್ವಂತದ್ದಾಗಿದ್ದು ಭಾಷೆ ಎರವಲಾದಾಗ ಹೀಗಾಗುತ್ತದೆ. ಆದರೆ ಅದರಲ್ಲಿಯೂ ಒಂದು ಮಾತು ಮಿಂಚುತ್ತದೆ: ದೀಕ್ಷೆಯಾದ ಎಂಟು ವರ್ಷಗಳವರೆಗೆ ತಮಗೆ ಕ್ರೈಸ್ತಮತ ದೊರೆತಿತ್ತು, ಕ್ರಿಸ್ತನು ದೊರೆತಿರಲಿಲ್ಲ ಎಂಬ ಅಭಿಪ್ರಾಯದ ಮಾತು. ಲಾಂಛನವೇ ಬೇರೆ, ಅನುಭಾವವೇ ಬೇರೆ ಎಂಬುದನ್ನು ನಾವು ಬಲ್ಲೆವು. ದೀಕ್ಷೆಯ ದಿನವೇ ಎಲ್ಲವೂ ಸಿದ್ಧಿಸಿತೆಂದು ಹೇಳಿಕೊಂಡಿದ್ದರೆ ಆಕೆಯ ಹೊಸ ಸಮಾಜಕ್ಕೆ ಹೆಚ್ಚು ಸಂತೋಷವಾಗುತ್ತಿತ್ತು.

ರಮಾಬಾಯಿಯವರ ನಿಜವಾದ ವ್ಯಕ್ತಿತ್ವ ಪೂರ್ಣವಾಗಿ ಮೂಡಿರುವುದು ಅವರು ಪ್ರಕಟಣೆಗೆಂದು ಬರೆಯದ ಪತ್ರಗಳಲ್ಲಿ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರು ಕೂಡಿಸಿಟ್ಟಿದ್ದ ಈ ಪತ್ರವ್ಯವಹಾರವನ್ನು ಎ. ಬಿ. ಶಹಾ ಅವರು ಸಂಪಾದಿಸಿ 1977ರಲ್ಲಿ ಮುಂಬಯಿಯಿಂದ ಹೊರತಂದರು. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದಲ್ಲಿ ಆ ಸಂಪುಟವನ್ನು ನಾವು ಮೊದಲು ಕಂಡಾಗ, ಕ್ರೈಸ್ತ ಪ್ರಚಾರಸಾಹಿತ್ಯವೆಂದು ಭಾವಿಸಿ ಅರ್ಧ ಮನಸ್ಸಿನಿಂದಲೇ ತೆರೆದೆವು. ತೆರೆದ ಮೇಲೆ ಕೆಳಗಿಡಲಾಗಲಿಲ್ಲ.

ಆ ಪತ್ರಗಳಲ್ಲಿ ಕಾಣುವುದು ಗುರುಶಿಷ್ಯರ ಸಂಘರ್ಷ. ಸಿಸ್ಟರ್ ಜೆರಾಲ್ಡೀನ್ ರಮಾಬಾಯಿಯವರಿಗೆ ಧರ್ಮಮಾತೆ. ಶಿಷ್ಯೆ ವಿನಯದಿಂದ ಬಾಗಿ, ಸಂಘದ ಮಾತನ್ನು ಪ್ರಶ್ನಿಸದೆ ಒಪ್ಪಬೇಕೆಂದು ಆಕೆಯ ನಿರೀಕ್ಷೆ. ಶಿಷ್ಯೆಯಾದರೋ ಉಡುಪಿಯ ಸಭೆಯನ್ನು ಎದುರಿಸಿದವನ ಮಗಳು! ತ್ರಿತ್ವದ ಸಿದ್ಧಾಂತ ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಕೊರಳಲ್ಲಿ ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇಕೆ, ಲ್ಯಾಟಿನ್ನಿನಲ್ಲಿ ನಮ್ಮ ಸಂಸ್ಕೃತಕ್ಕಿಲ್ಲದ ಪಾವಿತ್ರ್ಯವೇನಿದೆ ಎಂದು ಕೇಳುತ್ತಾರೆ. ಮಾಂಸವನ್ನಿರಲಿ, ಮೊಟ್ಟೆ ಬೆರೆತ ಭಕ್ಷ್ಯವನ್ನೂ ಮುಟ್ಟುವುದಿಲ್ಲ. ಇದು ಹಳೆಯ ಜಾತಿಯ ಅಹಂಕಾರವೆಂದು ಧರ್ಮಮಾತೆ ನೊಂದುಕೊಳ್ಳುತ್ತಾರೆ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ರಮಾಬಾಯಿಯವರು ಸಂಸ್ಕೃತ ಬೋಧಿಸುತ್ತಿದ್ದಾಗ, ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳುವ ವಿಚಾರ ಬಂದಿತು. ಹಾಗೆ ಮಾಡಿದರೆ ಭಾರತದಲ್ಲಿ ಆಕೆಯ ಹೆಸರು ಕೆಡುತ್ತದೆಂದು ಬಿಷಪ್ಪರು ಅಡ್ಡಿ ಹೇಳಿದರು. ಸ್ವದೇಶದಲ್ಲಿ ಗಂಡಸರ ಸಭೆಗಳಲ್ಲಿ ಪುರಾಣ ಹೇಳಿ ಬದುಕಿದವಳಿಗೆ ಈ ಬುದ್ಧಿವಾದ! ಒಂದು ಪುರೋಹಿತವರ್ಗದ ನೊಗದಿಂದ ಕಷ್ಟಪಟ್ಟು ಕತ್ತನ್ನು ಬಿಡಿಸಿಕೊಂಡಿರುವ ತಾನು, ಬಿಷಪ್ಪರ ಮಾತೆಲ್ಲ ದೇವರ ಆಜ್ಞೆಯೆಂದು ತಿಳಿದು ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದ ಉತ್ತರ ಹೋಯಿತು.

ಪೀಠದಲ್ಲಿ ಕುಳಿತವರು ಈ ಪತ್ರಗಳನ್ನು ಓದುವುದು ಅಷ್ಟು ಸುಖದ ಕೆಲಸವಲ್ಲ. ಸಿಸ್ಟರ್ ಜೆರಾಲ್ಡೀನರ ಮಾತಿನಲ್ಲಿ ನಮಗೆ ಪರಿಚಿತವಾದ ಧ್ವನಿಯೊಂದು ಕೇಳುತ್ತದೆ. ಪ್ರೀತಿ ಇದೆ, ಕಾಳಜಿ ಇದೆ. ಆದರೆ ಶಿಷ್ಯರು ಪ್ರಶ್ನೆ ಕೇಳಿದೊಡನೆ ಅದು ಅಹಂಕಾರವೆಂದು ತೋರುತ್ತದೆ. ಆಕೆಯನ್ನು ಖಳನಾಯಿಕೆಯನ್ನಾಗಿ ಮಾಡುವ ಇತ್ತೀಚಿನ ಬರಹಗಾರರನ್ನು ನಾವು ಒಪ್ಪುವುದಿಲ್ಲ. ತನ್ನನ್ನು ಅಷ್ಟು ಕಟುವಾಗಿ ಎದುರಿಸಿದ ಪತ್ರಗಳನ್ನು ಸುಡದೆ, ಜೋಪಾನವಾಗಿ ಕಾದಿಟ್ಟವರು ಆಕೆಯೇ. ಗುರುಸ್ಥಾನದಲ್ಲಿರುವವರಲ್ಲಿ ಆ ಔದಾರ್ಯ ವಿರಳ.

ಭಾರತಕ್ಕೆ ಹಿಂದಿರುಗಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಹೋಯಿತು. ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘ ಹತ್ತು ವರ್ಷಗಳ ವೆಚ್ಚವನ್ನು ವಹಿಸಿಕೊಂಡಿತ್ತು. ಮತಬೋಧನೆ ಇರಕೂಡದೆಂಬುದು ನಿಯಮ. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವರಿಸಿದರು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು. 1893ರಲ್ಲಿಯೇ ಬಿರುಗಾಳಿ ಎದ್ದಿತು. ರಮಾಬಾಯಿಯವರು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲನ್ನು ತೆರೆದಿಡುತ್ತಿದ್ದರು. ಕೆಲವು ಹುಡುಗಿಯರು ಒಳಗೆ ಬಂದು ಕೂಡುತ್ತಿದ್ದರು. 'ಕೇಸರಿ' ಪತ್ರಿಕೆಯಲ್ಲಿ ಟಿಳಕರು ಗುಡುಗಿದರು, ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಾಂಡಾರಕರ್ ಮೊದಲಾದವರು ಹೊರಬಂದರು, ಪೋಷಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ನ್ಯಾಯ ಯಾರ ಕಡೆಗಿತ್ತು? ಜ್ಯೋತಿರಾವ್ ಫುಲೆಯವರಂತೆ ಆಕೆಯ ಮತಾಂತರವನ್ನೇ ಸಮರ್ಥಿಸಿದವರೂ ಇದ್ದರು. ಸದನದ ವಿಷಯದಲ್ಲಿ ನಮ್ಮ ತೀರ್ಮಾನ ಹೀಗಿದೆ: ಬಾಗಿಲನ್ನು ಮುಚ್ಚದಿರುವುದು ಅಪರಾಧವಲ್ಲ; ಆದರೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಡುವವರ ಪ್ರಾರ್ಥನಾಕೋಣೆಯ ತೆರೆದ ಬಾಗಿಲು ಬರಿಯ ಬಾಗಿಲಾಗಿ ಉಳಿಯುವುದಿಲ್ಲ. 1896-97ರಲ್ಲಿ ಮಧ್ಯಪ್ರಾಂತಗಳಿಂದಲೂ, 1900ರಲ್ಲಿ ಗುಜರಾತಿನಿಂದಲೂ ಕ್ಷಾಮಪೀಡಿತ ಹೆಣ್ಣುಮಕ್ಕಳನ್ನು ಕರೆತಂದಾಗ ಕೇಡಗಾಂವಿಯಲ್ಲಿ ಸುಮಾರು ಎರಡು ಸಾವಿರ ಮಂದಿ ನೆರೆದರು. ಮುಕ್ತಿ ಸದನ ಪ್ರಕಟವಾಗಿಯೇ ಕ್ರೈಸ್ತಸಂಸ್ಥೆಯಾಗಿತ್ತು. ಸಾವಿನ ದವಡೆಯಿಂದ ಪಾರಾಗಿ ಬಂದ ಹತ್ತು ವರ್ಷದ ಹುಡುಗಿಯ ಒಪ್ಪಿಗೆಗೆ ಎಷ್ಟು ಅರ್ಥವಿದೆ? ಚೆಲ್ಟನ್‌ಹ್ಯಾಮಿನಲ್ಲಿ ತನ್ನ ಅಂತಃಸಾಕ್ಷಿಯನ್ನು ಅಷ್ಟು ಧೀರವಾಗಿ ಕಾಪಾಡಿಕೊಂಡ ಮಹಿಳೆ ಈ ಪ್ರಶ್ನೆಯನ್ನು ತನ್ನ ಆಶ್ರಿತರ ಪರವಾಗಿ ಎತ್ತಲಿಲ್ಲ. ಆತ್ಮಸಾಕ್ಷ್ಯದ ದೊಡ್ಡ ಮೌನ ಇದೇ. ಈ ದೋಷವನ್ನು ಬೆರಳು ಮಾಡಿ ತೋರಿಸುವಾಗ ಮತ್ತೊಂದನ್ನೂ ಹೇಳಬೇಕು. ಆ ಹುಡುಗಿಯರು ಊರೂರಿನ ದಾರಿಗಳಲ್ಲಿ ಬಿದ್ದಿದ್ದಾಗ ಎತ್ತಿಕೊಳ್ಳಲು ಬೇರೆ ಯಾರ ಗಾಡಿಯೂ ಬಂದಿರಲಿಲ್ಲ. ಅನ್ನದಾಸೋಹಕ್ಕೆ ಹೆಸರಾದ ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳೂ ಬಹುಕಾಲ ಗಂಡುಮಕ್ಕಳಿಗಾಗಿಯೇ ಇದ್ದವು. ಆ ಪಂಕ್ತಿಗಳಲ್ಲಿ ಉಂಡು, ಓದಿ, ದೊಡ್ಡವರಾದ ನಮ್ಮ ವಾಚಕರು ತಮ್ಮ ಅಕ್ಕತಂಗಿಯರು ಆಗ ಎಲ್ಲಿದ್ದರೆಂದು ನೆನೆಸಿಕೊಳ್ಳಬಹುದು.

ಕೊನೆಯ ವರ್ಷಗಳ ಮಹಾಕಾರ್ಯವೆಂದರೆ ಬೈಬಲಿನ ಮರಾಠಿ ಅನುವಾದ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಅನುವಾದಿಸಿ, ಆಶ್ರಮದ ಹೆಂಗಸರಿಂದಲೇ ಮೊಳೆ ಜೋಡಿಸಿ ಮುದ್ರಿಸಿದ ಈ ಗ್ರಂಥ ಪೂರ್ಣವಾಗಿ ಹೊರಬಂದದ್ದು ಅವರ ಮರಣಾನಂತರ, 1924ರಲ್ಲಿ. ಭಾಗವತವನ್ನು ಕಂಠಸ್ಥ ಮಾಡಿದ್ದ ಪಂಡಿತೆ ಇಲ್ಲಿ ಸಂಸ್ಕೃತ ಪದಗಳನ್ನು ಬೇಕೆಂದೇ ದೂರವಿಟ್ಟರು. ಹಳ್ಳಿಯ ಹೆಂಗಸಿಗೆ ಅರ್ಥವಾಗಬೇಕೆಂಬುದು ಒಂದು ಕಾರಣ. ಆ ಪದಗಳೊಡನೆ ಹಳೆಯ ದರ್ಶನಗಳ ಅರ್ಥಗಳು ನುಸುಳಬಾರದೆಂಬುದು ಇನ್ನೊಂದು. ಮೊದಲನೆಯ ಕಾರಣ ಶರಣರಿಗೂ ಇತ್ತು. ಸಂಸ್ಕೃತ ಬಲ್ಲವರಾಗಿಯೂ ಅವರು ಕನ್ನಡದಲ್ಲಿ ನುಡಿದರು. ಎರಡನೆಯದು ಅವರಿಗಿರಲಿಲ್ಲ: ಲಿಂಗ, ಅಂಗ, ಪ್ರಾಣ, ಪ್ರಸಾದ ಎಂಬ ಹಳೆಯ ಶಬ್ದಗಳನ್ನೇ ಹಿಡಿದು ಅವುಗಳಿಗೆ ಹೊಸ ಜೀವ ತುಂಬಿದರು. ರಮಾಬಾಯಿಯವರು ಹಳೆಯ ಶಬ್ದಗಳಿಗೆ ಹೆದರಿದರು. 'ಸ್ತ್ರೀಧರ್ಮನೀತಿ'ಯ ಭಾರವಾದ ಭಾಷೆಯಿಂದ ಹೊರಟವರು ಈ ಇನ್ನೊಂದು ತುದಿಗೆ ಬಂದು ನಿಂತರು. ನಡುವಿನ ಪತ್ರಗಳಲ್ಲಿ, ಪರಭಾಷೆಯಾದ ಇಂಗ್ಲಿಷಿನಲ್ಲಿ, ಅವರು ತಾವಾಗಿ ಮಾತನಾಡಿದ್ದು ವಿಚಿತ್ರವಾದರೂ ಸತ್ಯ.

ಕಲಬುರ್ಗಿಯ ವಾಚಕರಿಗಾಗಿ ಒಂದು ಮಾತು. ಆಗ ನಿಜಾಮರ ಆಡಳಿತದಲ್ಲಿದ್ದ ಆ ನಗರದಲ್ಲಿ 1912ರ ಸುಮಾರಿಗೆ ರಮಾಬಾಯಿಯವರು ಶಾಲೆಯೊಂದನ್ನು ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆಯಾಗಿದ್ದರು. ಶರಣಬಸವೇಶ್ವರ ಸ್ಥಾನದ ಊರು ಅದು. ಕಲ್ಯಾಣವೂ ಬಹಳ ದೂರವಲ್ಲ. ಮನೋರಮಾ 1921ರ ಜುಲೈಯಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು. ಅದೇ ಊರಿನಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಅಕ್ಕಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು ಮುಂದೆ ಮೂವತ್ತರ ದಶಕದಲ್ಲಿ.

ಈ ಲೇಖಕಿಯನ್ನು ಓದಬಯಸುವವರು ಆತ್ಮಸಾಕ್ಷ್ಯದಿಂದ ಆರಂಭಿಸದೆ ಪತ್ರಗಳಿಂದ ಆರಂಭಿಸುವುದು ಲೇಸು; ಅನಂತರ ಕ್ಷಾಮದ ವೃತ್ತಾಂತ, ಅದರ ಬಳಿಕ 1887ರ ಗ್ರಂಥ. ಪತ್ರಗಳನ್ನು ಕನ್ನಡಕ್ಕೆ ತರಲು ತೊಡಗುವವರು ಸಂಸ್ಕೃತವನ್ನೂ ಮರಾಠಿಯನ್ನೂ ಬಲ್ಲವರಾಗಿರಬೇಕು, ಸಿಸ್ಟರ್ ಜೆರಾಲ್ಡೀನರ ಉತ್ತರಗಳನ್ನು ಬಿಡಬಾರದು. ಒಂದೇ ಕಡೆಯ ಪತ್ರಗಳನ್ನು ಮುದ್ರಿಸಿದರೆ ಅದು ಮತ್ತೆ ಪುಣ್ಯಕಥೆಯಾದೀತು.